ಕಾರಿನಲ್ಲಿ ನಡುಕ, ಕಟಕಟ ಸದ್ದು: ಗ್ಯಾರೇಜಿಗೆ ಹೋಗುವ ಮುಂಚೆ ನೀವೇ ಪತ್ತೆ ಹಚ್ಚುವುದು ಹೇಗೆ

ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ಬಹಳಷ್ಟು ಕಾರುಗಳಲ್ಲಿ ಒಂದಲ್ಲ ಒಂದು ಸದ್ದು ಸೇರಿಕೊಂಡಿರುತ್ತದೆ. ಹೊಂಡ ಬಿದ್ದ ಟಾರು ರಸ್ತೆ, ತೋಟದ ಮನೆಗೆ ಇಳಿಯುವ ಕಲ್ಲುದಾರಿ, ತಿಂಗಳುಗಟ್ಟಲೆ ಒಣಗದ ಕೆಸರು, ಘಾಟಿಯಲ್ಲಿ ಕಾದ ಬ್ರೇಕು, ಎಲ್ಲದರ ಫಲ ಒಟ್ಟಿಗೇ ಹೊರಗೆ ಬರುತ್ತದೆ. ಆಗ ನಾವು ಏನು ಮಾಡುತ್ತೇವೆ? ಟೈರ್ ಅಂಗಡಿಗೆ ಹೋಗಿ ‘ಕಾರು ಅದುರ್ತಾ ಇದೆ, ಅಲೈನ್‌ಮೆಂಟ್ ಮಾಡಿಕೊಡಿ’ ಅನ್ನುತ್ತೇವೆ. ಅವರು ಕೇಳಿದ್ದನ್ನು ಮಾಡಿಕೊಡುತ್ತಾರೆ, ನಾವು ದುಡ್ಡು ಕೊಟ್ಟು ಹೊರಡುತ್ತೇವೆ, ಶಿವಮೊಗ್ಗ ಬಿಟ್ಟು ಗಾಜನೂರು ದಾಟುವಷ್ಟರಲ್ಲಿ ಅದೇ ನಡುಕ ಮತ್ತೆ ಶುರು. ಅಲೈನ್‌ಮೆಂಟ್ (ಚಕ್ರಗಳು ನಿಂತಿರುವ ಕೋನ) ತಪ್ಪಿದ್ದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ನಡುಕಕ್ಕೆ ಅದು ಕಾರಣವಾಗುವುದು ಕಡಿಮೆ.

ಸದ್ದು ಬಂದ ಕೂಡಲೇ ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ನಮ್ಮೆಲ್ಲರ ಅಭ್ಯಾಸ. ಆದರೆ ಕಾರಿನ ಮೈ ಪೂರ್ತಿ ತಗಡು. ಹಂಡೆಯ ಒಂದು ಕಡೆ ಬಡಿದರೆ ಇಡೀ ಹಂಡೆ ಮೊಳಗುವ ಹಾಗೆ, ಮುಂದಿನ ಎಡ ಚಕ್ರದ ಹತ್ತಿರ ಹುಟ್ಟಿದ ಸದ್ದು ಹಿಂದಿನ ಸೀಟಿನ ಕೆಳಗಿಂದ ಬಂದಂತೆ ಕೇಳುತ್ತದೆ. ಅದಕ್ಕೇ ಮೊದಲು ಜಾಗ ಬಿಡಿ, ಸದ್ದು ಯಾವಾಗ ಬರುತ್ತದೆ ಅಂತ ನೋಡಿ. ವೇಗ ಹೆಚ್ಚಿದಾಗಲಾ, ಇಂಜಿನ್ ರೇಸ್ ಮಾಡಿದಾಗಲಾ, ಬ್ರೇಕ್ ಒತ್ತಿದಾಗಲಾ, ಸ್ಟೀರಿಂಗ್ ತಿರುಗಿಸಿದಾಗಲಾ, ಹೊಂಡಕ್ಕೆ ಇಳಿದಾಗಲಾ? ಈ ಐದು ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗ ತಾನಾಗಿ ಚಿಕ್ಕದಾಗುತ್ತದೆ. ದೊಡ್ಡ ಉಪಕರಣ ಏನೂ ಬೇಡ. ಒಂದು ಟಾರ್ಚು, ಗಾಳಿ ನೋಡುವ ಗೇಜ್, ಕಾರಿನ ಜೊತೆ ಬಂದ ಜಾಕು, ಪಕ್ಕದಲ್ಲಿ ಕೂರಲು ಒಬ್ಬರು ಇದ್ದರೆ ಸಾಕು.

ಹೀಗಿದ್ದರೆ ಪರೀಕ್ಷೆ ಬೇಡ, ಗಾಡಿ ನಿಲ್ಲಿಸಿ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಂಕ್ಚರ್ ಹಾಕಿಸಿ ಅಥವಾ ಟೈರ್ ಬದಲಿಸಿ ಸ್ವಲ್ಪ ದೂರ ಬಂದ ಮೇಲೆ ಹೊಸದಾಗಿ ಅದುರುವುದು, ದಡದಡ ಸದ್ದು ಶುರುವಾದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ವೀಲ್ ನಟ್‌ಗಳನ್ನು ನೋಡಿ. ‘ಮನೆ ಹತ್ತಿರವೇ ಇದೆ, ಹೋಗಿ ನೋಡೋಣ’ ಅನ್ನಬೇಡಿ. ಸಡಿಲವಾದ ನಟ್ ಬೇಗ ಬಿಚ್ಚಿಕೊಳ್ಳುತ್ತದೆ, ತಿರುವಿನಲ್ಲಿ ಚಕ್ರವೇ ಕಳಚಿಕೊಳ್ಳಬಹುದು. ಬಿಗಿ ಮಾಡುವಾಗ ಒಂದು ನಟ್ ಆದ ಮೇಲೆ ಅದರ ಪಕ್ಕದ್ದು ಹಿಡಿಯದೆ ಎದುರಿನದು ಹಿಡಿಯಿರಿ, ಹೀಗೆ ನಕ್ಷತ್ರದ ಆಕಾರದಲ್ಲಿ ಹೋಗಿ.

ಟೈರಿನ ಪಕ್ಕದಲ್ಲಿ ಗುಳ್ಳೆಯ ಹಾಗೆ ಉಬ್ಬಿದ್ದರೆ ಒಳಗಿನ ನೂಲಿನ ಪದರ ಹರಿದಿದೆ ಅಂತ ಅರ್ಥ. ಹೊಂಡದ ಚೂಪಾದ ಅಂಚಿಗೆ ಜೋರಾಗಿ ಬಡಿದಾಗ ಆಗುವುದು ಇದೇ. ಇದಕ್ಕೆ ರಿಪೇರಿ ಇಲ್ಲ, ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಊರು ಸೇರಿ. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕರ್ರೆನ್ನುವ ಸದ್ದು ಬಂದು ಹೋಗದೇ ಇದ್ದರೆ, ಸ್ಟೀರಿಂಗ್ ಇದ್ದಕ್ಕಿದ್ದ ಹಾಗೆ ಸಡಿಲ ಅನ್ನಿಸಿದರೆ, ಮುಂದಿನ ಚಕ್ರದ ಬುಡದಲ್ಲಿ ದಪ್ಪನೆ ‘ಟೊಂಕ್’ ಅನ್ನುತ್ತಿದ್ದರೆ ಕೂಡ ಅಷ್ಟೇ, ಘಾಟಿ ಇಳಿಯುವ ಯೋಚನೆ ಬಿಡಿ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಮಿನುಗುತ್ತಾ ಇಂಜಿನ್ ಕುಲುಕಾಡುತ್ತಿದ್ದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಹಾಗೇ ಎಳೆದುಕೊಂಡು ಹೋದರೆ ಉರಿಯದ ಪೆಟ್ರೋಲು ಸೈಲೆನ್ಸರ್ ಲೈನಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಅದರ ಬೆಲೆ ಕೇಳಿದರೆ ಗಾಡಿ ಎಳೆಸಿಕೊಂಡು ಬರುವ ಖರ್ಚು ಏನೂ ಅನ್ನಿಸುವುದಿಲ್ಲ.

ಮೊದಲ ಹೆಜ್ಜೆ: ಕಾರು ಖಾಲಿ ಮಾಡಿ, ತೊಳೆಯಿರಿ, ಗಾಳಿ ನೋಡಿ

ಕೇಳಲು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ‘ಸಸ್ಪೆನ್ಷನ್ ಹೋಗಿದೆ’ ಅಂತ ಬರುವ ಗಾಡಿಗಳಲ್ಲಿ ಎಷ್ಟೋ ಸಲ ಸಿಗುವುದು ಡಿಕ್ಕಿಯಲ್ಲಿ ಉರುಳುವ ಜಾಕು, ಸರಿಯಾಗಿ ತಿರುಪದ ಸ್ಟೆಪ್ನಿ, ಸೀಟಿನ ಕೆಳಗೆ ಸೇರಿದ ಸ್ಟೀಲಿನ ನೀರಿನ ಬಾಟಲಿ. ಡಿಕ್ಕಿ, ಡೋರ್ ಪಾಕೆಟ್, ಗ್ಲೋವ್ ಬಾಕ್ಸ್ ಪೂರ್ತಿ ಖಾಲಿ ಮಾಡಿ. ಕನ್ನಡಕದ ಡಬ್ಬಿ, ಚಿಲ್ಲರೆ, ದೇವರ ಪ್ರಸಾದದ ಡಬ್ಬಿ, ಎಲ್ಲವೂ ಹೊರಗೆ. ಹಿಂದಿನ ಸೀಟಿನ ಬೆಲ್ಟ್‌ಗಳ ಬಕಲ್ ಸಿಕ್ಕಿಸಿ. ಹಿಂದಿನ ಗಾಜಿನ ಕೆಳಗಿನ ಟ್ರೇ ತೆಗೆದಿಡಿ. ನಂಬರ್ ಪ್ಲೇಟನ್ನು ಬೆರಳಿನಿಂದ ತಟ್ಟಿ ನೋಡಿ.

ಆಮೇಲೆ ತೊಳೆಯುವುದು. ಮಲೆನಾಡಿನಲ್ಲಿ ಇದು ಚಂದಕ್ಕೆ ಮಾಡುವ ಕೆಲಸ ಅಲ್ಲ, ಪರೀಕ್ಷೆಯ ಮೊದಲ ಭಾಗವೇ ಇದು. ಜಂಬಿಟ್ಟಿಗೆ ಮಣ್ಣಿನ ಕೆಸರು ರಿಮ್ಮಿನ ಒಳಮೈಗೆ ಹಿಡಿದು, ರಾತ್ರಿ ಗಾಡಿ ನಿಂತಾಗ ಒಂದೇ ಕಡೆ ಇಳಿದು ಗಟ್ಟಿಯಾಗುತ್ತದೆ. ಬೆಳಗ್ಗೆ ಹೆದ್ದಾರಿಗೆ ಹೋದರೆ ಸ್ಟೀರಿಂಗ್ ನಡುಗುತ್ತದೆ. 15 ಇಂಚಿನ ರಿಮ್ಮಿನಲ್ಲಿ 50 ಗ್ರಾಂ ಕೆಸರು ಒಂದೇ ಕಡೆ ಕೂತಿದೆ ಅಂದುಕೊಳ್ಳಿ. 80 ಕಿಲೋಮೀಟರ್ ವೇಗದಲ್ಲಿ ಆ ಚಕ್ರ ಸೆಕೆಂಡಿಗೆ ಸುಮಾರು 11 ಸುತ್ತು ತಿರುಗುತ್ತದೆ, ಆ ಪುಟ್ಟ ಹೆಂಟೆ ಪ್ರತಿ ಸುತ್ತಿನಲ್ಲೂ ಸುಮಾರು 5 ಕೆಜಿ ತೂಕದಷ್ಟು ಬಲದಿಂದ ಚಕ್ರವನ್ನು ಹೊರಗೆ ಎಳೆಯುತ್ತದೆ. 40ರ ವೇಗದಲ್ಲಿ ಆ ಎಳೆತ ನಾಲ್ಕನೇ ಒಂದು ಭಾಗ ಮಾತ್ರ, ಅದಕ್ಕೇ ಊರೊಳಗೆ ಓಡಾಡುವಾಗ ಏನೂ ಗೊತ್ತಾಗುವುದಿಲ್ಲ. ಪೈಪನ್ನು ಚಕ್ರದ ಹೊರಗಿನಿಂದ ಬಿಟ್ಟರೆ ಸಾಲದು. ಸ್ಪೋಕಿನ ಸಂದಿಯಲ್ಲಿ ಕೈ ಹಾಕಿ ಒಳಭಾಗ ಸವರಿ ನೋಡಿ, ಕೆರೆದು ತೆಗೆಯಿರಿ, ಆಮೇಲೆ ಗಾಡಿಯನ್ನು ಅರ್ಧ ಸುತ್ತು ಮುಂದೆ ತಳ್ಳಿ ಉಳಿದ ಭಾಗ ತೊಳೆಯಿರಿ. ಚಕ್ರದ ಸುತ್ತ ತೂಕ ಸಮ ಇಲ್ಲ ಅನ್ನುವ ಎಷ್ಟೋ ‘ಬ್ಯಾಲೆನ್ಸಿಂಗ್ ಸಮಸ್ಯೆ’ ಇಲ್ಲಿಗೇ ಮುಗಿಯುತ್ತದೆ.

ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರಿನಲ್ಲೇ ಇರುತ್ತದೆ. ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ. ಲೋಡು ಹಾಕುತ್ತೇವೆ ಅಂತ ಐದಾರು ಪಾಯಿಂಟ್ ಜಾಸ್ತಿ ತುಂಬಿಸಿ ಹಾಗೇ ವರ್ಷವಿಡೀ ಓಡಿಸುವವರಿದ್ದಾರೆ. ಗಟ್ಟಿಯಾದ ಟೈರು ರಸ್ತೆಯ ಪ್ರತಿ ಕಲ್ಲನ್ನೂ ಒಳಗೆ ಕಳಿಸುತ್ತದೆ, ಗಟ್ಟಿ ಇದ್ದ ಪ್ಲಾಸ್ಟಿಕ್ಕೂ ಕಟಗುಟ್ಟಲು ಶುರು ಮಾಡುತ್ತದೆ. ಬೆಳಗ್ಗೆ ಟೈರು ತಣ್ಣಗಿದ್ದಾಗಲೇ ನೋಡಿ.

ಎರಡನೇ ಹೆಜ್ಜೆ: ಇಂಜಿನ್ ಕಡೆಯದೋ, ಚಕ್ರದ ಕಡೆಯದೋ

ಎಲ್ಲಾ ಪರೀಕ್ಷೆಗಳಲ್ಲಿ ನನಗೆ ತುಂಬಾ ಬೆಲೆಯದು ಅನ್ನಿಸುವುದು ಇದು. ಭದ್ರಾವತಿ ಕಡೆಯ ಹೆದ್ದಾರಿಯಂಥ ನೇರವಾದ, ಸಮತಟ್ಟಾದ ರಸ್ತೆ ಬೇಕು. ಬೆಳಗ್ಗೆ ಬೇಗ ಹೋಗಿ, ಹಿಂದೆ ಮುಂದೆ ಗಾಡಿ ಇಲ್ಲದಾಗ ಮಾಡಿ. ತೀರ್ಥಹಳ್ಳಿ ರಸ್ತೆಯ ತಿರುವುಗಳಲ್ಲಿ ಬೇಡ, ಘಾಟಿಯಲ್ಲಂತೂ ಬೇಡವೇ ಬೇಡ.

ನಡುಕ ಬರುವ ವೇಗಕ್ಕೆ ಹೋಗಿ. ಬಂತಾ? ಈಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ, ಗಾಡಿ ತನ್ನಷ್ಟಕ್ಕೆ ಉರುಳಲಿ. ಇಂಜಿನ್ ಆಫ್ ಮಾಡಬೇಡಿ, ಮಾಡಿದರೆ ಸ್ಟೀರಿಂಗೂ ಬ್ರೇಕೂ ಗಟ್ಟಿಯಾಗುತ್ತವೆ. ನ್ಯೂಟ್ರಲ್‌ನಲ್ಲೂ ನಡುಕ ಹಾಗೇ ಉಳಿದು, ವೇಗ ಇಳಿದ ಹಾಗೆ ಕಡಿಮೆಯಾದರೆ ತಪ್ಪು ಚಕ್ರ, ಟೈರು, ರಿಮ್ಮು ಅಥವಾ ಬೇರಿಂಗಿನಲ್ಲಿದೆ. ನ್ಯೂಟ್ರಲ್‌ಗೆ ಹಾಕಿದ ಕ್ಷಣವೇ ನಿಂತುಹೋದರೆ ಇಂಜಿನ್, ಅದನ್ನು ಹಿಡಿದಿರುವ ಮೌಂಟ್ ಅಥವಾ ಚಕ್ರಕ್ಕೆ ಬಲ ಒಯ್ಯುವ ಆಕ್ಸಲ್ ಕಡೆ ನೋಡಬೇಕು. ಆಟೋಮ್ಯಾಟಿಕ್ ಗಾಡಿಯಾದರೆ ಗೇರ್ ಮುಟ್ಟಬೇಡಿ, ಆಕ್ಸಲರೇಟರ್ ಪೂರ್ತಿ ಬಿಟ್ಟು ನೋಡಿ.

ಇದರ ಜೋಡಿ ಪರೀಕ್ಷೆ ಮನೆ ಅಂಗಳದಲ್ಲೇ ಆಗುತ್ತದೆ. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಇಂಜಿನ್ ವೇಗವನ್ನು 1000ದಿಂದ 3000 ಆರ್‌ಪಿಎಂವರೆಗೆ ನಿಧಾನವಾಗಿ ಏರಿಸಿ. ಓಡುವಾಗ ಕೇಳುವ ಸದ್ದು ನಿಂತಾಗಲೂ ಬಂದರೆ ಚಕ್ರಗಳ ತಪ್ಪಿಲ್ಲ ಅಂತ ಆಯಿತಲ್ವಾ.

ವೇಗದ ಜೊತೆ ಬರುವ ನಡುಕ

80ರ ಆಸುಪಾಸಿನಲ್ಲಿ ಶುರುವಾಗಿ ಸ್ಟೀರಿಂಗ್ ಅದುರಿದರೆ ಮುಂದಿನ ಚಕ್ರಗಳ ಬ್ಯಾಲೆನ್ಸಿಂಗ್. ಸ್ಟೀರಿಂಗ್ ಸುಮ್ಮನಿದ್ದು ಸೀಟು, ನೆಲ ಅದುರಿದರೆ ಹಿಂದಿನವು. ರಿಮ್ಮಿನ ಅಂಚಿನಲ್ಲಿ ಅಂಟಿಸಿದ ಅಥವಾ ಸಿಕ್ಕಿಸಿದ ಸಣ್ಣ ತೂಕದ ತುಂಡು ಬಿದ್ದುಹೋಗಿದ್ದರೆ ಅದರ ಗುರುತು ಸ್ವಚ್ಛವಾಗಿ ಬೇರೆ ಬಣ್ಣದಲ್ಲಿ ಕಾಣುತ್ತದೆ, ಟಾರ್ಚ್ ಬಿಟ್ಟು ನೋಡಿ.

ಆದರೆ ನಡುಕ 25-40ರ ನಿಧಾನ ವೇಗದಲ್ಲೇ ಬಂದರೆ, ಗಾಡಿ ಸೊಟ್ಟಗೆ ನಡೆದ ಹಾಗೆ ಓಲಾಡಿದರೆ, ಅದು ಬ್ಯಾಲೆನ್ಸಿಂಗ್ ಅಲ್ಲ. ರಿಮ್ ಬೆಂಡಾಗಿದೆ ಅಥವಾ ಟೈರಿನ ಒಳಗಿನ ಪದರ ಸರಿದಿದೆ. ಅಂಥ ಚಕ್ರಕ್ಕೆ ಎಷ್ಟು ತೂಕ ಅಂಟಿಸಿದರೂ ಪ್ರಯೋಜನ ಇಲ್ಲ. ಟೈರಿನ ಮೇಲಿನ ನಾಲ್ಕಂಕಿಯ ತಾರೀಕನ್ನೂ ಓದಿಕೊಳ್ಳಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ (ಮೇಲ್ಮೈಯ ಅಚ್ಚು) ಚೆನ್ನಾಗಿದೆ ಅಂತ ಹಳೇ ಟೈರು ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ, ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಗುಂಡಿ ಇದ್ದೂ ಉಪಯೋಗವಿಲ್ಲ.

ಯಾವ ಚಕ್ರ ಅಂತ ಖಚಿತ ಆಗದಿದ್ದರೆ ಖರ್ಚಿಲ್ಲದ ಒಂದು ಉಪಾಯ ಇದೆ. ಮುಂದಿನ ಚಕ್ರವನ್ನು ಅದೇ ಬದಿಯ ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಓಡಿಸಿ. ನಡುಕ ಸ್ಟೀರಿಂಗಿನಿಂದ ಸೀಟಿಗೆ ಹೋಯಿತಾ? ಹಾಗಾದರೆ ತಪ್ಪು ಆ ಚಕ್ರದ ಜೊತೆಗೇ ಹೋಯಿತು. ನಡುಕ ಇದ್ದಲ್ಲೇ ಇದ್ದರೆ ಚಕ್ರ ಸರಿಯಿದೆ, ಚಕ್ರ ಕೂರುವ ಹಬ್ಬು, ಬೇರಿಂಗು, ಆಕ್ಸಲ್ ನೋಡಬೇಕು.

ಬೇರಿಂಗ್ ಹೋದರೆ ನಡುಕಕ್ಕಿಂತ ಮೊದಲು ಗುಂಯ್ ಅನ್ನುವ ಸದ್ದು ಬರುತ್ತದೆ, ವೇಗ ಏರಿದ ಹಾಗೆ ಅದೂ ಏರುತ್ತದೆ. ಟೈರಿನ ಸದ್ದೂ ಹೀಗೇ ಇರುತ್ತದೆ, ಅದಕ್ಕೆ ಗೊಂದಲ. ಬೇರ್ಪಡಿಸಲು ಉದ್ದವಾದ ತಿರುವು ಹುಡುಕಿ. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಗಡೆ ಚಕ್ರದ ಮೇಲೆ ಬೀಳುತ್ತದೆ. ಆಗ ಗುಂಯ್ ಜೋರಾಗಿ, ಎಡಕ್ಕೆ ತಿರುಗಿದಾಗ ಕಡಿಮೆಯಾದರೆ ಎಡಗಡೆ ಬೇರಿಂಗಿನ ಮೇಲೆ ಅನುಮಾನ ಪಡಿ. ಹಳ್ಳ ಉಕ್ಕಿದಾಗ ನೀರಿನಲ್ಲಿ ಇಳಿಸಿ ದಾಟಿದ ಗಾಡಿಗಳಲ್ಲಿ ಬೇರಿಂಗ್ ಬೇಗ ಹೋಗುತ್ತದೆ, ಹಳೇ ಸೀಲಿನ ಸಂದಿಯಲ್ಲಿ ನೀರು ಹೊಕ್ಕು ಗ್ರೀಸು ಕೆಡುತ್ತದೆ.

ಜಾಕು ಹಾಕಿ ನೋಡುವುದಾದರೆ ಜಾಗ ನೋಡಿಕೊಳ್ಳಿ. ಮಳೆಗೆ ನೆಂದ ಮಣ್ಣಿನ ಅಂಗಳದಲ್ಲಿ ಜಾಕು ಹೂತುಹೋಗುತ್ತದೆ, ಗಾಡಿ ಪಕ್ಕಕ್ಕೆ ಜಾರುತ್ತದೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದ್ದರೆ ಅಲ್ಲಿ ಮಾಡಿ, ಇಲ್ಲದಿದ್ದರೆ ಜಾಕಿನ ಕೆಳಗೆ ದಪ್ಪ ಹಲಗೆ ಕೊಡಿ. ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ತಲೆ ಹಾಕಬೇಡಿ. ಎತ್ತಿದ ಚಕ್ರವನ್ನು ಗಡಿಯಾರ ಅಂದುಕೊಂಡು 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಇದ್ದರೆ ಬೇರಿಂಗ್ ಅಥವಾ ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಬಾಲ್ ಜಾಯಿಂಟ್. 9 ಮತ್ತು 3ರಲ್ಲಿ ಮಾತ್ರ ಆಟ ಸಿಕ್ಕರೆ ಸ್ಟೀರಿಂಗಿನ ಟೈ ರಾಡ್. ಆಮೇಲೆ ಚಕ್ರವನ್ನು ತಿರುಗಿಸಿ, ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲಿಡಿ. ಬೇರಿಂಗ್ ಸವೆದಿದ್ದರೆ ಮರಳು ಸಿಕ್ಕಿಕೊಂಡ ಹಾಗೆ ಒರಟಾದ ಅದುರು ಬೆರಳಿಗೆ ಗೊತ್ತಾಗುತ್ತದೆ, ಕಿವಿಗೆ ಕೇಳುವುದಕ್ಕಿಂತ ಸ್ಪಷ್ಟವಾಗಿ.

ಬ್ರೇಕ್ ಒತ್ತಿದಾಗ ಮಾತ್ರ

ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು ಇಳಿದವರಿಗೆ, ಮಾಸ್ತಿಕಟ್ಟೆಯಿಂದ ಹುಲಿಕಲ್ ಘಾಟಿಯಲ್ಲಿ ಹೊಸಂಗಡಿಗೆ ಇಳಿದವರಿಗೆ ಇದು ಗೊತ್ತಿರುವ ವಿಷಯ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿ, ಪೆಡಲ್ ಕಾಲಿಗೆ ತಿರುಗಿ ತಿರುಗಿ ಒತ್ತಿದ ಹಾಗಾದರೆ ಮುಂದಿನ ಡಿಸ್ಕ್‌ನ ದಪ್ಪ ಎಲ್ಲಾ ಕಡೆ ಒಂದೇ ಸಮ ಉಳಿದಿಲ್ಲ. ಸೀಟಿನಲ್ಲಿ ಅದುರಿದರೆ ಹಿಂದಿನ ಡ್ರಮ್ ನೋಡಬೇಕು. ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ, ಲಿವರಿನ ತುದಿಯ ಗುಂಡಿ ಒತ್ತಿಟ್ಟುಕೊಂಡೇ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯಿರಿ. ಬಹುಪಾಲು ಚಿಕ್ಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ, ಆಗಲೂ ಅದುರಿದರೆ ಡ್ರಮ್ಮೇ. ನೆಲ ಒದ್ದೆಯಿದ್ದರೆ ಈ ಪರೀಕ್ಷೆ ಬೇಡ.

ಹೀಗಾಗಲು ದೊಡ್ಡ ಕಾರಣ ಘಾಟಿಯನ್ನು ಬ್ರೇಕಿನ ಮೇಲೆ ಇಳಿಸುವುದು. ಎರಡನೇ ಗೇರಿನಲ್ಲಿ ಇಳಿಸಿ, ಇಂಜಿನ್ನೇ ಗಾಡಿಯನ್ನು ಹಿಡಿಯಲಿ. ಕಡಿದಾದ ತಿರುವಿನಲ್ಲಿ ಒಂದನೆಯದು. ಕೆಳಗೆ ಬಂದ ಕೂಡಲೇ ಚಹಾಕ್ಕೆ ನಿಲ್ಲಿಸಿ ಬ್ರೇಕ್ ಒತ್ತಿ ಹಿಡಿದುಕೊಂಡೇ ಕೂರುವುದು, ಕಾದ ಚಕ್ರಕ್ಕೆ ತಣ್ಣೀರು ಹುಯ್ಯುವುದು, ಎರಡೂ ಡಿಸ್ಕ್‌ಗೆ ಕೆಟ್ಟದ್ದು.

ತಪ್ಪಾಗಿ ಹೆದರುವ ಎರಡು ಸಂದರ್ಭ ಇವೆ. ಮಳೆ ರಾತ್ರಿಯ ಮರುದಿನ ಬೆಳಗ್ಗೆ ಮೊದಲ ಕೆಲವು ಸಲ ಬ್ರೇಕ್ ಹಿಡಿದಾಗ ಕರಕರ ಅನ್ನುವುದು ಡಿಸ್ಕಿನ ಮೇಲಿನ ತೆಳು ತುಕ್ಕು, ಉಜ್ಜಿ ಹೋಗುತ್ತದೆ. ಪಾಚಿ ಕಟ್ಟಿದ ಅಥವಾ ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಪೆಡಲ್ ಗಡಗಡ ಅಂದರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಕಾಲು ತೆಗೆಯದೆ ಹಾಗೇ ಒತ್ತಿ ಹಿಡಿಯಬೇಕು. ಇನ್ನು ಕೀಚ್ ಅನ್ನುವ ತೆಳು ಸದ್ದು ಓಡುವಾಗ ಬಂದು ಬ್ರೇಕ್ ಮುಟ್ಟಿದಾಗ ಬದಲಾದರೆ ಪ್ಯಾಡ್ ಮುಗಿಯುತ್ತಾ ಬಂದಿರಬಹುದು. ಸ್ಪೋಕಿನ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ, ಪ್ಯಾಡಿನ ದಪ್ಪ 3 ಮಿಲಿಮೀಟರಿಗೆ ಬಂದಿದ್ದರೆ ಬದಲಿಸಿ.

ಜಲ್ಲಿ ರಸ್ತೆಯಿಂದ ಬಂದ ಕೂಡಲೇ ಒಂದು ಚಕ್ರದಿಂದ ಕಿವಿ ಕೊರೆಯುವ ಕಿರ್‍ ಸದ್ದು ಶುರುವಾದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರುತ್ತದೆ. ಸಮತಟ್ಟು ಜಾಗದಲ್ಲಿ ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಹೆಚ್ಚಾಗಿ ಬಿದ್ದುಹೋಗುತ್ತದೆ.

ನಿಂತಾಗ, ಹೊರಡುವಾಗ, ಏರುವಾಗ

ಆಲ್ಟೊ, ಟಿಯಾಗೊ, ಕ್ವಿಡ್, 2024ರಲ್ಲಿ ಬಂದ ಹೊಸ ಸ್ವಿಫ್ಟ್, ಇವೆಲ್ಲ ಮೂರು ಸಿಲಿಂಡರಿನ ಇಂಜಿನ್. ನಾಲ್ಕು ಸಿಲಿಂಡರಿನ ಗಾಡಿಯಿಂದ ಇವಕ್ಕೆ ಬಂದವರಿಗೆ ನಿಂತಾಗಿನ ಸಣ್ಣ ಅದುರು ರೋಗದ ಹಾಗೆ ಕಾಣುತ್ತದೆ, ಆದರೆ ಅದು ಆ ಇಂಜಿನ್ನಿನ ಸ್ವಭಾವ. ಮೊದಲಿಗಿಂತ ಜಾಸ್ತಿ ಆಗಿದೆಯಾ ಅನ್ನುವುದಷ್ಟೇ ಪ್ರಶ್ನೆ.

ಜಾಸ್ತಿ ಆಗಿದ್ದರೆ ಎಸಿ ಹಾಕಿ ನೋಡಿ, ಹೆಡ್‌ಲೈಟ್ ಹಾಕಿ ನೋಡಿ. ಭಾರ ಬಿದ್ದಾಗ ಅದುರು ಏರಿದರೆ, ಆದರೆ ಇಂಜಿನ್ ಸದ್ದು ಒಂದೇ ಲಯದಲ್ಲಿದ್ದರೆ, ಇಂಜಿನ್ ಮೌಂಟ್ ಕೂತಿದೆ. ಇಂಜಿನ್ನನ್ನು ಹಿಡಿದಿರುವ ರಬ್ಬರಿನ ದಿಂಬುಗಳು ಇವು, ಹೊಂಡಗಳಲ್ಲಿ ಹರಿಯುತ್ತವೆ. ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಒಬ್ಬರು ಬ್ರೇಕ್ ಒತ್ತಿಕೊಂಡೇ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಲಿ, ಒಂದನೇ ಗೇರಿನಲ್ಲಿ ಒಮ್ಮೆ, ರಿವರ್ಸಿನಲ್ಲಿ ಒಮ್ಮೆ. ನೋಡುವವರು ಪಕ್ಕದಲ್ಲಿ ನಿಲ್ಲಬೇಕು, ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಇಂಜಿನ್ ಸ್ವಲ್ಪ ವಾಲುವುದು ಸಹಜ, ಎದ್ದು ಬಿದ್ದು ದಡ್ ಅಂದರೆ ಮೌಂಟ್ ಹೋಗಿದೆ.

ಲಯವೇ ತಪ್ಪಿ ಕೆಮ್ಮಿದ ಹಾಗೆ ಇದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್ ಕಡೆ. ಮಳೆಗಾಲದಲ್ಲಿ ಪ್ಲಗ್ಗಿನ ಗುಂಡಿಯಲ್ಲಿ ನೀರು ನಿಂತಿದ್ದರೂ ಹೀಗಾಗುತ್ತದೆ. ಇಲಿ ವೈರ್ ಕಡಿದಿದ್ದರೂ ಆಗುತ್ತದೆ, ಬಾನೆಟ್ ಒಳಗೆ ಅಡಿಕೆ ಸಿಪ್ಪೆ, ಒಣ ಹುಲ್ಲು ಕಂಡರೆ ಅಲ್ಲೊಂದು ಸಂಸಾರ ಇದೆ ಅಂತಲೇ ಲೆಕ್ಕ. ಏರಿನಲ್ಲಿ ಹೊರಡುವಾಗ ಮಾತ್ರ ಗಾಡಿ ಕುಲುಕಿದರೆ ಕ್ಲಚ್ ಪ್ಲೇಟ್ ಮೇಲೆ ಅನುಮಾನ, ಮನೆ ಮುಂದಿನ ಏರಿನಲ್ಲಿ ದಿನಾ ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸಿಕೊಳ್ಳುವ ಗಾಡಿಗಳಲ್ಲಿ ಇದು ಬೇಗ ಬರುತ್ತದೆ.

ಮುಂದಿನ ಚಕ್ರದ ಆಕ್ಸಲ್ ಬೂಟುಗಳನ್ನು ವರ್ಷಕ್ಕೆ ಎರಡು ಸಲವಾದರೂ ನೋಡಲೇಬೇಕು, ಮಳೆಗಾಲಕ್ಕೆ ಮುಂಚೆ ಮತ್ತು ಆದ ಮೇಲೆ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಚಕ್ರದ ಹಿಂದೆ ಟಾರ್ಚ್ ಬಿಡಿ. ಮಡಿಕೆ ಮಡಿಕೆಯಾಗಿರುವ ಕಪ್ಪು ರಬ್ಬರು ಕಾಣುತ್ತದೆ. ಅದು ಹರಿದಿದ್ದರೆ ಒಳಗಿನ ಗ್ರೀಸು ರಿಮ್ಮಿನ ಒಳಮೈಗೆಲ್ಲ ಸಿಡಿದಿರುತ್ತದೆ. ಬರೀ ಬೂಟು ಹರಿದಾಗಲೇ ಕಂಡುಹಿಡಿದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಬಿಟ್ಟರೆ ಕೆಸರು ಒಳಹೊಕ್ಕು ಜಾಯಿಂಟನ್ನೇ ತಿನ್ನುತ್ತದೆ, ಆಗ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ‘ಟಕ್ ಟಕ್ ಟಕ್’ ಕೇಳುತ್ತದೆ. ಒಳಗಿನ ಜಾಯಿಂಟ್ ಸವೆದರೆ ಟಕಟಕ ಇಲ್ಲ, ಏರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಗಾಡಿಯ ಮುಂಭಾಗ ಅಡ್ಡಡ್ಡ ಅಲುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ.

ಹೊಂಡಕ್ಕೆ ಇಳಿದಾಗ ಕಟಕಟ

ಮಲೆನಾಡಿನ ಕಾರುಗಳ ದೊಡ್ಡ ದೂರು ಇದೇ, ಹಾಗಾಗಿ ‘ಎಲ್ಲಾ ಬುಷ್ (ಜೋಡಣೆಯ ನಡುವಿನ ರಬ್ಬರು) ಹೊಸದು ಹಾಕಿಬಿಡೋಣ’ ಅನ್ನುವ ಮಾತು ಜಾಸ್ತಿ ಕೇಳುವುದೂ ಇಲ್ಲೇ. ಒಪ್ಪುವ ಮುಂಚೆ ಒಂದು ಹಂಪ್ ಹುಡುಕಿ.

ಮೊದಲು ಹಂಪನ್ನು ನೇರವಾಗಿ, ಎರಡೂ ಮುಂದಿನ ಚಕ್ರ ಒಟ್ಟಿಗೆ ಏರುವ ಹಾಗೆ ನಿಧಾನವಾಗಿ ದಾಟಿ. ಕಿಟಕಿ ಇಳಿಸಿರಲಿ, ಫ್ಯಾನ್ ಆಫ್ ಇರಲಿ. ಆಮೇಲೆ ತಿರುಗಿ ಬಂದು ಓರೆಯಾಗಿ, ಒಂದು ಚಕ್ರ ಮೊದಲು ಏರುವ ಹಾಗೆ ದಾಟಿ. ನೇರವಾಗಿ ಹೋದಾಗ ಸದ್ದಿಲ್ಲ, ಓರೆಯಾಗಿ ಹೋದಾಗ ಕಟ್ ಅಂತು ಅನ್ನಿ. ಹಾಗಾದರೆ ಲಿಂಕ್ ರಾಡ್ ಅಥವಾ ಸ್ಟೆಬಿಲೈಸರ್ ಬಾರಿನ ಬುಷ್. ಎಡ ಬಲ ಚಕ್ರಗಳನ್ನು ಜೋಡಿಸುವ ಆ ಬಾರಿಗೆ ಎರಡೂ ಚಕ್ರ ಒಟ್ಟಿಗೆ ಏರಿದಾಗ ಕೆಲಸವೇ ಇರುವುದಿಲ್ಲ, ಒಂದು ಮಾತ್ರ ಏರಿದಾಗ ತಿರುಚಿಕೊಳ್ಳುತ್ತದೆ, ಸವೆದ ಜಾಗ ಆಗ ಬಡಿಯುತ್ತದೆ. ಲಿಂಕ್ ರಾಡ್ ಸಸ್ಪೆನ್ಷನ್ ಭಾಗಗಳಲ್ಲಿ ಅಗ್ಗದ್ದು. ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿ.

ಎರಡು ಸಲವೂ ಸದ್ದು ಬಂದರೆ ಮುಂದೆ ಹೋಗಬೇಕು. ದೊಡ್ಡ ಹೊಂಡದಲ್ಲಿ ದಡ್ ಅಂದು, ಆಮೇಲೂ ಗಾಡಿ ತೂಗುತ್ತಿದ್ದರೆ ಶಾಕ್ ಅಬ್ಸಾರ್ಬರ್. ಅದರ ಮೈಮೇಲೆ ಎಣ್ಣೆ ಇಳಿದು ಧೂಳು ಅಂಟಿದೆಯಾ ನೋಡಿ. ಬಂಪರಿನ ಮೂಲೆ ಒತ್ತಿ ಬಿಟ್ಟರೆ ಒಂದು ಸಲ ಎದ್ದು ನಿಲ್ಲಬೇಕು, ಎರಡು ಮೂರು ಸಲ ತೂಗಿದರೆ ಹೋಗಿದೆ. ತೂಗಲಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲೂ ಅಲ್ಲ, ಈ ಪರೀಕ್ಷೆಯಲ್ಲಿ ಪೂರ್ತಿ ಸತ್ತದ್ದು ಮಾತ್ರ ಸಿಕ್ಕಿಬೀಳುತ್ತದೆ. ನಿಂತ ಗಾಡಿಯಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಎಗರಿದ ಹಾಗೆ ಟಂಗ್ ಅಂದರೆ ಸ್ಟ್ರಟ್ ಮೌಂಟ್, ಅಂದರೆ ಮುಂದಿನ ಸ್ಪ್ರಿಂಗು-ಶಾಕ್ ಜೋಡಿಯ (ಸ್ಟ್ರಟ್) ಮೇಲ್ತುದಿಯನ್ನು ಹಿಡಿದಿರುವ ಭಾಗ. ಒಬ್ಬರು ತಿರುಗಿಸಲಿ, ನೀವು ಬಾನೆಟ್ ಒಳಗೆ ಸ್ಟ್ರಟ್ಟಿನ ತುದಿಯ ಮೇಲೆ ಅಂಗೈ ಇಡಿ, ಎಗರುವುದು ಕೈಗೆ ತಾಗುತ್ತದೆ. ಬ್ರೇಕ್ ಹಿಡಿದು ಬಿಡುವಾಗ ಒಂದೊಂದೇ ಟೊಕ್ ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಬುಷ್.

ಲೋವರ್ ಆರ್ಮ್, ಟೈ ರಾಡ್, ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಅದಕ್ಕೆ ದುಡ್ಡು ಹಾಕಬೇಕಾದ ಸರಿಯಾದ ಸಮಯ ಇದು.

ಸಣ್ಣ ಸದ್ದುಗಳು, ಮಳೆ ತಂದವು

ಇಂಜಿನ್ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ತಗಡಿನ ಝರ್‍ ಸದ್ದು ಬಂದು ಹೋದರೆ ಸೈಲೆನ್ಸರಿನ ಮೇಲಿನ ಹೀಟ್ ಶೀಲ್ಡ್. ಸೈಲೆನ್ಸರ್ ಪೂರ್ತಿ ತಣ್ಣಗಿದ್ದಾಗ ಕೈಯಿಂದ ತಟ್ಟಿ ನೋಡಿ. ಅದನ್ನು ಕಿತ್ತು ಬಿಸಾಡಿಸಬೇಡಿ, ಒಣ ಎಲೆ ಬಿಸಿ ಪೈಪಿಗೆ ತಾಗದಂತೆ ತಡೆಯುವುದು ಅದೇ. ತುಕ್ಕು ಹಿಡಿದ ಬೋಲ್ಟಿನ ಜಾಗಕ್ಕೆ ದೊಡ್ಡ ವಾಷರ್ ಅಥವಾ ಸ್ಟೀಲ್ ಕ್ಲಾಂಪ್ ಹಾಕಿದರೆ ನಿಲ್ಲುತ್ತದೆ. ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರಿನ ಕ್ಲಿಪ್ಪುಗಳೂ ತೋಟದ ದಾರಿಯ ನಡುವಿನ ಉಬ್ಬಿಗೆ ಉಜ್ಜಿ ಕಳಚಿರುತ್ತವೆ.

ಬ್ಲೋವರ್ ಹಾಕಿದಾಗ ಡ್ಯಾಶ್‌ಬೋರ್ಡ್ ಒಳಗೆ ಟರಟರ ಅಂದು, ಫ್ಯಾನಿನ ವೇಗದ ಜೊತೆ ಬದಲಾದರೆ ಎಲೆಯೋ ಕಡ್ಡಿಯೋ ಒಳಗೆ ಸೇರಿದೆ. ಮರದ ಕೆಳಗೆ ನಿಲ್ಲುವ ಗಾಡಿಗಳಲ್ಲಿ ವೈಪರಿನ ಬುಡದ ಜಾಲರಿ ಎಲೆಯಿಂದ ಮುಚ್ಚಿರುತ್ತದೆ, ಕೈಯಿಂದ ತೆಗೆಯಿರಿ, ಕ್ಯಾಬಿನ್ ಫಿಲ್ಟರ್ ಕೂಡ ಎಳೆದು ನೋಡಿ. ಬ್ರೇಕ್ ಹಿಡಿದಾಗ ಬಾಗಿಲೊಳಗೆ ನೀರು ಜುಳುಜುಳು ಅಂದರೆ ಬಾಗಿಲಿನ ಕೆಳ ಅಂಚಿನ ತೂತುಗಳು ಮಣ್ಣಿನಿಂದ ಕಟ್ಟಿವೆ. ಹಂಚಿಕಡ್ಡಿ ಹಾಕಿ ಬಿಡಿಸಿ, ನೀರು ಸುರಿದುಹೋಗುತ್ತದೆ. ಬಿಟ್ಟರೆ ಬಾಗಿಲು ಒಳಗಿಂದ ತುಕ್ಕು ತಿನ್ನುತ್ತದೆ.

ಒಳಗಿನ ಪ್ಲಾಸ್ಟಿಕ್ ಸದ್ದಿಗೆ ಬೇರೆಯವರ ಕೈಯಲ್ಲಿ ಗಾಡಿ ಕೊಟ್ಟು ನೀವು ಪಕ್ಕದಲ್ಲಿ, ಆಮೇಲೆ ಹಿಂದೆ ಕೂತು, ಒಂದೊಂದೇ ಜಾಗ ಅಂಗೈಯಿಂದ ಒತ್ತುತ್ತಾ ಬನ್ನಿ. ಒತ್ತಿದಾಗ ಯಾವುದು ನಿಂತಿತೋ ಅದೇ. ಎರಡು ಪ್ಲಾಸ್ಟಿಕ್ ತಾಗುವ ಸಂದಿಗೆ ಬಟ್ಟೆಯ ಟೇಪ್ ಅಂಟಿಸಿದರೆ ಸಾಕು.

ಗ್ಯಾರೇಜಿನಲ್ಲಿ

ಗ್ಯಾರೇಜುಗಳೇ ತುಂಬಿರುವ ಆಟೋ ಕಾಂಪ್ಲೆಕ್ಸಿಗೆ ಹೋಗಿ, ಊರಿನ ಮೆಕ್ಯಾನಿಕ್ ಹತ್ತಿರವೇ ಹೋಗಿ, ಭಾಗದ ಹೆಸರು ಹೇಳಬೇಡಿ. ‘ಅಣ್ಣ, ಲಿಂಕ್ ರಾಡ್ ಹೋಗಿದೆ’ ಅಂದರೆ ಅವರು ಅದನ್ನೇ ಬದಲಿಸಿ ಕೊಡಬಹುದು, ತಪ್ಪು ಬೇರೆ ಕಡೆ ಇದ್ದರೆ ನಷ್ಟ ನಿಮಗೆ. ಕಂಡದ್ದು ಹೇಳಿ. ‘ಅಣ್ಣ, 75 ದಾಟಿದ ಮೇಲೆ ಸ್ಟೀರಿಂಗ್ ಅದುರುತ್ತೆ, ನ್ಯೂಟ್ರಲ್ ಹಾಕಿದ್ರೂ ಹೋಗಲ್ಲ, ಬ್ರೇಕ್ ಹಿಡಿದ್ರೆ ಜಾಸ್ತಿ ಆಗಲ್ಲ, ರಿಮ್ ತೊಳೆದಿದ್ದೀನಿ.’ ಇಷ್ಟು ಕೇಳಿದ ಒಳ್ಳೆ ಮೆಕ್ಯಾನಿಕ್‌ಗೆ ಎಲ್ಲಿ ಕೈ ಹಾಕಬೇಕು ಅಂತ ಅಲ್ಲೇ ಗೊತ್ತಾಗುತ್ತದೆ. ಪಕ್ಕದಲ್ಲಿ ಕೂತವರು ಸ್ಪೀಡೋಮೀಟರ್ ಕಾಣುವ ಹಾಗೆ ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದರೆ ಇನ್ನೂ ಸುಲಭ, ಬಿಸಿಯಾದಾಗ ಮಾತ್ರ ಬರುವ ಸದ್ದು ಗ್ಯಾರೇಜಿಗೆ ಹೋದಾಗ ಬರದೇ ಇರುವುದುಂಟು. ಸಾಧ್ಯವಾದರೆ ಅವರನ್ನೇ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಲು ಹೇಳಿ, ಬಿಚ್ಚಿದ ಹಳೇ ಭಾಗ ಕೇಳಿ ನೋಡಿ. ಸವೆದ ಬಾಲ್ ಜಾಯಿಂಟ್ ಕೈಯಲ್ಲಿ ಹಿಡಿದರೆ ತಾನೇ ತೂಗಾಡುತ್ತದೆ, ಚೆನ್ನಾಗಿರುವುದು ಬಿಗಿಯಾಗಿರುತ್ತದೆ. ಕೆಲಸ ಮುಗಿದ ಮೇಲೆ ಮೊದಲು ಸದ್ದು ಬಂದ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ ನೋಡಿ, ದುಡ್ಡಿನ ಲೆಕ್ಕ ಆಮೇಲೆ. ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳನ್ನು ಇನ್ನೊಂದು ಸಲ ಬಿಗಿ ಮಾಡಿ.